ಸಾಯೋರ ಮನೆ ಸುತ್ತಿದರೆ ನನಗೇನು ಸಿಗುತ್ತದೆ?

ಪ್ರಶ್ನೆ: ನನಗೆ 61 ವರ್ಷ. ಬ್ಯಾಂಕಿನಿಂದ ನಿವೃತ್ತನಾಗಿ ಎಂಟು ತಿಂಗಳಾಯಿತು. ಕ್ಯಾನ್ಸರ್, ಪಾರ್ಶ್ವವಾಯು ಬಂದು ಹಾಸಿಗೆ ಹಿಡಿದವರ ಮನೆಗೇ ಹೋಗಿ ಉಪಶಾಮಕ ಆರೈಕೆ, ಅಂದರೆ ಪ್ಯಾಲಿಯೇಟಿವ್ ಕೇರ್ ಕೊಡುವ ದತ್ತಿ ಸಂಸ್ಥೆಯೊಂದು ನಮ್ಮ ತಾಲ್ಲೂಕಿನಲ್ಲಿ ಸ್ವಯಂಸೇವಕರನ್ನು ಕೇಳುತ್ತಿದೆ. ಸೇರೋಣ ಅನ್ನಿಸುತ್ತಿದೆ. ಮನೆಯಲ್ಲಿ ‘ಸಾಯೋರ ಮನೆ ಸುತ್ತಿ ನಿಮಗೇನ್ ಸಿಗುತ್ತೆ?’ ಅನ್ನುತ್ತಾರೆ. ನಿಜ ಹೇಳಬೇಕೆಂದರೆ ನನ್ನ ಪ್ರಶ್ನೆಯೂ ಅದೇ. ನರ್ಸಿಂಗ್ ಗೊತ್ತಿಲ್ಲದ ನನ್ನಂಥವನಿಗೆ ಅಲ್ಲಿ ಏನು ಕೆಲಸ, ಅದರಿಂದ ನನಗೇನು ಲಾಭ? ಹೀಗೆ ಕೇಳುವುದು ಸ್ವಾರ್ಥವೇ?

ಉತ್ತರ: ಸ್ವಾರ್ಥವೇನಲ್ಲ. ಕೇಳದೆ ಸೇರುವವರ ಬಗ್ಗೆಯೇ ಸಂಸ್ಥೆಗಳಿಗೆ ಚಿಂತೆ ಜಾಸ್ತಿ. ‘ನನಗೇನೂ ಬೇಡ, ಸೇವೆ ಮಾಡಿದರೆ ಸಾಕು’ ಎಂದು ಬರುವವರ ಒಳಗೆ ಎಷ್ಟೋ ಸಲ ಒಂದು ದೊಡ್ಡ ನಿರೀಕ್ಷೆ ಕೂತಿರುತ್ತದೆ: ಆ ಮನೆಯವರು ನಮ್ಮನ್ನು ನೆನೆಯಬೇಕು, ಕೈ ಮುಗಿಯಬೇಕು. ಅದು ಸಿಗದಿದ್ದಾಗ ಮೂರನೇ ತಿಂಗಳಿಗೆ ಮಂಡಿನೋವು ಶುರುವಾಗಿ ಬರುವುದು ನಿಲ್ಲುತ್ತದೆ. ನೀವು ಬ್ಯಾಂಕಿನವರು, ಮೊದಲು ಖರ್ಚಿನ ಕಡೆಯ ಲೆಕ್ಕ ನೋಡಿಬಿಡೋಣ.

ಸಂಬಳವಿಲ್ಲ. ಕೆಲವರು ಪೆಟ್ರೋಲ್ ಖರ್ಚು ಕೊಡುತ್ತಾರೆ, ಕೆಲವರು ಅದನ್ನೂ ಕೊಡುವುದಿಲ್ಲ. ದೇಣಿಗೆಗೆ ಸಿಗುವ ತೆರಿಗೆ ರಿಯಾಯಿತಿ ಕೊಟ್ಟ ಹಣಕ್ಕೆ ಮಾತ್ರ, ಕೊಟ್ಟ ಸಮಯಕ್ಕಿಲ್ಲ. ಕಾಯಿಲೆ ವಾಸಿ ಮಾಡಿದ ತೃಪ್ತಿಯೂ ಇಲ್ಲಿ ಅಪರೂಪ, ಏಕೆಂದರೆ ನೀವು ನೋಡುವವರಲ್ಲಿ ಹೆಚ್ಚಿನವರು ವಾಸಿಯಾಗುವುದಿಲ್ಲ. ಇನ್ನು ಕೃತಜ್ಞತೆ: ರೋಗಿ ತೀರಿಕೊಂಡ ಮೇಲೆ ಮನೆಯವರು ತಿಥಿ, ಸಾಲ, ಜಮೀನಿನ ತಕರಾರುಗಳಲ್ಲಿ ಮುಳುಗಿರುತ್ತಾರೆ. ನಿಮ್ಮ ಮುಖ ಕಂಡರೆ ಅವರಿಗೆ ಆ ದಿನಗಳೇ ನೆನಪಾಗುತ್ತವೆ, ಹಾಗಾಗಿ ಸಂತೆಯಲ್ಲಿ ಎದುರು ಸಿಕ್ಕರೂ ಕಾಣದಂತೆ ಹೋಗಬಹುದು. ಇದನ್ನು ಮನಸ್ಸಿಗೆ ಹಚ್ಚಿಕೊಳ್ಳುವವರಿಗೆ ಈ ಕೆಲಸ ಬೇಡ. ರಕ್ತದಾನ ಶಿಬಿರದಲ್ಲೋ ಕಣ್ಣಿನ ಶಿಬಿರದಲ್ಲೋ ನೋಂದಣಿ ಮೇಜಿನ ಹಿಂದೆ ಕೂರಬಹುದು, ಅದಕ್ಕೂ ಜನ ಬೇಕು.

ಇಷ್ಟು ಕಳೆದ ಮೇಲೆ ಉಳಿಯುವುದೇನು ಎಂದು ನೋಡುವ ಮೊದಲು, ಸ್ವಯಂಸೇವಕರು ಈ ಕೆಲಸದೊಳಗೆ ಬಂದದ್ದು ಯಾಕೆ ಎಂಬುದು ಗೊತ್ತಿರಲಿ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಅಂದರೆ ಕೊನೆಯ ದಿನಗಳ ಆರೈಕೆಯ ಮನೆ ತೆರೆದ ವೈದ್ಯೆ ಸಿಸಿಲಿ ಸಾಂಡರ್ಸ್, ಸಾಯುತ್ತಿರುವವರ ನೋವು ಬರೀ ಮೈಯದ್ದಲ್ಲ, ಅದರಲ್ಲಿ ಮನಸ್ಸಿನದು, ಸಂಸಾರದ್ದು, ದೇವರ ಮೇಲಿನ ಸಿಟ್ಟಿನದು ಎಲ್ಲ ಕಲಸಿಕೊಂಡಿರುತ್ತದೆ ಎಂದರು. ಮಾತ್ರೆ ಕೆಲಸ ಮಾಡುವುದು ಮುಖ್ಯವಾಗಿ ಮೊದಲನೆಯದರ ಮೇಲೆ, ಉಳಿದವಕ್ಕೆ ಪಕ್ಕದಲ್ಲಿ ಕೂರುವ ಜನ ಬೇಕು. ನಮ್ಮ ದೇಶದಲ್ಲಿ 1986ರಲ್ಲಿ ಮುಂಬೈಯಲ್ಲಿ ಶಾಂತಿ ಅವೇದನಾ ಸದನ ಎಂಬ ಹಾಸ್ಪಿಸ್ ಶುರುವಾಯಿತು. ಬೆಂಗಳೂರಿನ ಕರುಣಾಶ್ರಯ ಹಾಸ್ಪಿಸನ್ನು ನಡೆಸುವ ಟ್ರಸ್ಟ್ ಹುಟ್ಟಿದ್ದು 1994ರಲ್ಲಿ. ಆದರೆ ಊರಿನ ಜನರೇ ಊರಿನ ರೋಗಿಗಳನ್ನು ನೋಡಿಕೊಳ್ಳುವ ಪದ್ಧತಿಯನ್ನು ಗಟ್ಟಿಯಾಗಿ ಕಟ್ಟಿದ್ದು ಕೇರಳ. 1993ರಲ್ಲಿ ಕೋಯಿಕ್ಕೋಡಿನ ಒಂದು ಸಣ್ಣ ಹೊರರೋಗಿ ಕ್ಲಿನಿಕ್ಕಿನಿಂದ ಆರಂಭವಾದದ್ದು ಕೆಲವೇ ವರ್ಷಗಳಲ್ಲಿ ಮನೆಮನೆಗೆ ಹೋಗುವ ಜಾಲವಾಯಿತು. ಅಲ್ಲಿ ಸ್ವಯಂಸೇವಕರಿಗೆ ಇಟ್ಟ ಅಳತೆ ಸರಳ: ವಾರಕ್ಕೆ ಕನಿಷ್ಠ ಎರಡು ಗಂಟೆ ಬಿಡುವಿರಬೇಕು, 16 ಗಂಟೆ ಪಾಠ, ಆಮೇಲೆ ಅನುಭವಿಗಳ ಜೊತೆ ನಾಲ್ಕು ಸಲ ಪ್ರಾಯೋಗಿಕ ತರಬೇತಿ. ನಿಮ್ಮ ತಾಲ್ಲೂಕಿನ ಸಂಸ್ಥೆ ತರಬೇತಿಯೇ ಇಲ್ಲದೆ ‘ನಾಳೆಯಿಂದ ಬನ್ನಿ’ ಎಂದರೆ ಸ್ವಲ್ಪ ಅನುಮಾನ ಪಡಿ.

ಆ 16 ಗಂಟೆಯಲ್ಲಿ ನಿಮ್ಮನ್ನು ಅರ್ಧ ನರ್ಸ್ ಮಾಡುವುದಿಲ್ಲ. ಆದರೂ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಮನೆಮಟ್ಟದ ವಿದ್ಯೆ ಕೈಗೆ ಬರುತ್ತದೆ, ಇದೇ ಮೊದಲು ಕಣ್ಣಿಗೆ ಬೀಳುವ ಲಾಭ. ಉದಾಹರಣೆಗೆ ಹಾಸಿಗೆ ಹುಣ್ಣು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂಬುದು ಎಷ್ಟೋ ಮನೆಯವರಿಗೆ ಗೊತ್ತಿರುತ್ತದೆ, ಹೇಗೆ ಎಂಬುದು ಗೊತ್ತಿರುವುದಿಲ್ಲ. ಪೂರ್ತಿ ಪಕ್ಕಕ್ಕೆ ಹೊರಳಿಸಿದರೆ ಸೊಂಟದ ಮೂಳೆಯ ಮೇಲೆ ಭಾರ ಬಿದ್ದು ಅಲ್ಲೇ ಹೊಸ ಹುಣ್ಣು. ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿಯಷ್ಟು ಓರೆ ಮಾಡಿದರೆ ಸಾಕು. ಕಾಲಿನ ಮೀನಖಂಡದ ಕೆಳಗೆ ಮಡಿಸಿದ ಕಂಬಳಿ ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಎತ್ತಿಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ: ಬೆಳ್ಳಗಾಗಿ ಮತ್ತೆ ಕೆಂಪಾದರೆ ಇನ್ನೂ ಸಮಯವಿದೆ, ಒತ್ತಿದರೂ ಕೆಂಪಾಗಿಯೇ ಇದ್ದರೆ ಹುಣ್ಣಿನ ಮೊದಲ ಹಂತ ಬಂದಾಗಿದೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದು. ಸುತ್ತಲಿಗಿಂತ ಬಿಸಿ ಇದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಆ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕುವುದು ನಮ್ಮಲ್ಲಿ ತೀರಾ ಸಾಮಾನ್ಯ, ಮತ್ತು ತಿಕ್ಕಿದಷ್ಟೂ ಒಳಗಿನ ಮಾಂಸ ಹಾಳಾಗುತ್ತದೆ. ರಿಂಗಿನಂಥ ಗಾಳಿ ದಿಂಬಿನ ಮೇಲೆ ಕೂರಿಸುವುದೂ ತಪ್ಪು. ಅದರ ಅಂಚು ಸುತ್ತಲಿನ ರಕ್ತ ಓಡಾಟವನ್ನು ಅದುಮುತ್ತದೆ.

ಬಾಯಿ ಒಣಗಿ ವಾಸನೆ ಬರುವವರಿಗೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸಲು ಕೊಡಬೇಕು. ಆಗದವರಿಗೆ ಅದರಲ್ಲೇ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸುವುದು. ದಿನವೂ ಹೊಸದಾಗಿ ಮಾಡಿಕೊಳ್ಳಬೇಕು. ಉಣಿಸುವಾಗ ಎಬ್ಬಿಸಿ ಕೂರಿಸಿ, ಗದ್ದ ತುಸು ಕೆಳಗೆ, ಉಂಡ ಮೇಲೂ ಅರ್ಧ ಗಂಟೆ ಹಾಗೇ ಕೂತಿರಲಿ. ನೀರು ಕುಡಿಯುವಾಗ ಕೆಮ್ಮು ಬಂದರೆ ತಕ್ಷಣ ನಿಲ್ಲಿಸಿ ನರ್ಸಿಗೆ ಹೇಳಬೇಕು. ಮೂತ್ರದ ಚೀಲ ಯಾವಾಗಲೂ ರೋಗಿಯ ಸೊಂಟಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ ಇರಲಿ. ತೀವ್ರ ನೋವಿಗೆ ಕೊಡುವ ಮಾರ್ಫಿನ್ ಮಾತ್ರೆಯ ಪ್ರಮಾಣ ನಿಮ್ಮ ವಿಷಯವಲ್ಲ. ಆದರೆ ‘ನೋವು ಕಮ್ಮಿ ಆಯ್ತಲ್ಲ ಅಂತ ನಿಲ್ಲಿಸಿದ್ವಿ’ ಎಂಬ ಮಾತು ಮೊದಲು ಬೀಳುವುದು ನಿಮ್ಮ ಕಿವಿಗೇ. ಸಾಮಾನ್ಯ ಮಾರ್ಫಿನ್ನಿನ ಪ್ರಭಾವ ಸುಮಾರು ನಾಲ್ಕು ಗಂಟೆ. ನೋವು ಬರಲಿ ಎಂದು ಕಾಯುವುದಲ್ಲ, ಬಾರದಂತೆ ಗಡಿಯಾರ ನೋಡಿ ಕೊಡುವುದು. ಜೊತೆಗೆ ಕೊಟ್ಟ ಮಲಬದ್ಧತೆಯ ಔಷಧಿಯನ್ನು ಬಿಟ್ಟರೆ ನಾಲ್ಕನೇ ದಿನ ಹೊಟ್ಟೆ ಉಬ್ಬರಿಸಿ, ತಪ್ಪು ಮಾರ್ಫಿನ್ ಮೇಲೆ ಬೀಳುತ್ತದೆ.

ಇದೆಲ್ಲ ನಿಮಗೆ ಯಾಕೆ ಲಾಭ? ನಿಮಗೆ 61. ಮನೆಯಲ್ಲಿ, ನೆಂಟರಲ್ಲಿ ಹಿರಿಯರಿರುತ್ತಾರೆ. ಮುಂದಿನ ಹತ್ತು ಹದಿನೈದು ವರ್ಷದಲ್ಲಿ ಯಾರೋ ಒಬ್ಬರು ಹಾಸಿಗೆ ಹಿಡಿಯುವುದು ಹೆಚ್ಚುಕಡಿಮೆ ಖಚಿತ. ಆ ದಿನ ಇಡೀ ಮನೆ ಬಾಗಿಲಲ್ಲಿ ನಿಂತು ನೋಡುತ್ತಿರುವಾಗ ಒಳಗೆ ಹೋಗಿ ದಿಂಬು ಸರಿಮಾಡುವವರು ನೀವಾಗಿರುತ್ತೀರಿ. ಮನೆಯಲ್ಲಿ ಕೇಳಿದ ಪ್ರಶ್ನೆಗೆ ಹೇಳಬೇಕಾದ ಉತ್ತರ ಇದೇ ಎಂದು ನಮಗನ್ನಿಸುತ್ತದೆ. ಪುಣ್ಯದ ಮಾತೆತ್ತಿದರೆ ವಾದ ಬೆಳೆಯುತ್ತದೆ.

ನರ್ಸಿಂಗ್ ಗೊತ್ತಿಲ್ಲ ಎಂದು ಬರೆದಿದ್ದೀರಿ. ನಿಮಗೆ ಗೊತ್ತಿರುವುದು ಆ ತಂಡದಲ್ಲಿ ಬಹುಶಃ ಯಾರಿಗೂ ಗೊತ್ತಿರುವುದಿಲ್ಲ. ಹಾಸಿಗೆ ಹಿಡಿದವರ ಮನೆಯಲ್ಲಿ ನೋವಿನಷ್ಟೇ ದೊಡ್ಡ ಸಂಕಟ ಕಾಗದಪತ್ರದ್ದು. ಖಾತೆಯಲ್ಲಿ ದುಡ್ಡಿರುತ್ತದೆ, ಸಹಿ ಹಾಕುವ ಕೈ ಬಿದ್ದುಹೋಗಿರುತ್ತದೆ. ಹೆಬ್ಬೆಟ್ಟಿನ ಗುರುತನ್ನೋ, ಅದೂ ಆಗದಿದ್ದರೆ ಕಾಲ್ಬೆರಳಿನ ಗುರುತನ್ನೋ ಬ್ಯಾಂಕು ಒಪ್ಪಬಹುದು, ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ ನಿಮಗೆ ಬಾಯಿಪಾಠವಿದ್ದೀತು. ಆ ಮನೆಯ ಹೆಂಗಸಿಗೆ ಅದು ಯಾರೂ ಹೇಳದ ಗುಟ್ಟು. ಪಾಸ್‌ಬುಕ್ ತೆಗೆಸಿ ಮೇ ಕೊನೆ, ಜೂನ್ ಆರಂಭದ ಸಾಲುಗಳನ್ನು ನೋಡಿ. 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯ ಕಂತು: 55 ವರ್ಷದವರೆಗೆ, ಯಾವ ಕಾರಣದಿಂದ ಸತ್ತರೂ 2 ಲಕ್ಷ. (ಹೊಸದಾಗಿ ಸೇರಿದವರಿಗೆ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಸಾವಿಗೆ ಇಲ್ಲ.) ಯಾವಾಗಲೋ ಕೌಂಟರಿನಲ್ಲಿ ಸಹಿ ಮಾಡಿಸಿಕೊಂಡದ್ದು, ಮನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ. ನಾಮಿನಿ ಜಾಗ ಖಾಲಿ ಇದ್ದರೆ, ಅಥವಾ ತೀರಿಹೋದ ಅಮ್ಮನ ಹೆಸರೇ ಇದ್ದರೆ, ರೋಗಿಗೆ ಪ್ರಜ್ಞೆ ಇರುವಾಗಲೇ ಸರಿಮಾಡಿಸಬೇಕು. ನಾಡಕಚೇರಿಯಲ್ಲಿ ಸಂಧ್ಯಾ ಸುರಕ್ಷಾ ಅಥವಾ ಅಂಗವಿಕಲರ ಪಿಂಚಣಿಯ ಅರ್ಜಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡು, ಮನೆಗೇ ಬಂದು ಮಾಡುವ ಜೀವಂತ ಪ್ರಮಾಣಪತ್ರ: ಪಟ್ಟಿ ಮುಗಿಯುವುದಿಲ್ಲ.

ನಿವೃತ್ತಿಯ ಮೊದಲ ವರ್ಷದಲ್ಲಿ ಬಹಳ ಜನರನ್ನು ಕಾಡುವುದು ದುಡ್ಡಿನ ಕೊರತೆಯಲ್ಲ, ‘ಇನ್ನು ನನ್ನಿಂದ ಯಾರಿಗೇನು ಉಪಯೋಗ’ ಎಂಬುದು. 35 ವರ್ಷ ಕಲಿತ ವಿದ್ಯೆ ಒಂದು ಮಧ್ಯಾಹ್ನದಲ್ಲಿ ಒಂದು ಕುಟುಂಬಕ್ಕೆ 2 ಲಕ್ಷ ತಂದುಕೊಡುವುದನ್ನು ಕಂಡವರಿಗೆ ಆ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲ. ಆದರೆ ಇಲ್ಲೇ ಎಡವುವುದೂ ಸುಲಭ. ರೋಗಿಯ ಎಟಿಎಂ ಕಾರ್ಡು ಕೈಗೆ ತೆಗೆದುಕೊಳ್ಳಬೇಡಿ, ಪಿನ್ ಕೇಳಬೇಡಿ, ಹಣ ತಂದುಕೊಡಬೇಡಿ, ಉಯಿಲಿಗೆ ಸಾಕ್ಷಿ ಹಾಕಬೇಡಿ. ದಾರಿ ತೋರಿಸಿ, ಅರ್ಜಿ ತುಂಬಿಕೊಡಿ, ಮಗನನ್ನೋ ಸೊಸೆಯನ್ನೋ ಜೊತೆಗೆ ಕರೆದುಕೊಂಡು ಹೋಗಿ. ಸಾವಿನ ನಂತರ ಅಣ್ಣತಮ್ಮಂದಿರ ಜಗಳ ಎದ್ದರೆ ಮೊದಲು ಬೆರಳು ತೋರಿಸುವುದು ಹೊರಗಿನವರ ಕಡೆಗೆ.

ಮಾತಿನ ವಿಷಯಕ್ಕೆ ಬಂದರೆ, ಇಲ್ಲಿ ಕಲಿಯುವುದಕ್ಕಿಂತ ಬಿಡಬೇಕಾದದ್ದೇ ಹೆಚ್ಚು. ‘ಧೈರ್ಯವಾಗಿರಿ, ಎಲ್ಲಾ ಸರಿಹೋಗುತ್ತೆ’ ಎಂಬ ಮಾತು ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತದೆ. ಸರಿಹೋಗುವುದಿಲ್ಲ ಎಂದು ಗೊತ್ತಿರುವ ರೋಗಿ ಅದನ್ನು ಕೇಳಿದ ಕೂಡಲೇ ಮಾತು ನಿಲ್ಲಿಸಿಬಿಡುತ್ತಾರೆ, ಏಕೆಂದರೆ ಇವರ ಹತ್ತಿರವೂ ನಿಜ ಹೇಳುವಂತಿಲ್ಲ ಎಂದು ಅರ್ಥವಾಗುತ್ತದೆ. ‘ನಾನು ಉಳಿಯೋದಿಲ್ಲ ಅಲ್ವಾ ಸಾರ್?’ ಎಂದು ಕೇಳಿದರೆ ಹೌದು ಎನ್ನುವುದೂ ನಿಮ್ಮ ಕೆಲಸವಲ್ಲ, ಛೇ ಛೇ ಎನ್ನುವುದೂ ಅಲ್ಲ. ‘ಯಾಕೆ ಹಾಗನ್ನಿಸ್ತು?’ ಎಂದು ಕೇಳಿ ಸುಮ್ಮನೆ ಕೂರಬೇಕು. ಆಮೇಲೆ ಬರುವ ಮಾತು ಮಗಳ ಮದುವೆಯದ್ದಿರಬಹುದು, ರಾತ್ರಿಯ ನೋವಿನದ್ದಿರಬಹುದು, ಹತ್ತು ವರ್ಷ ಮಾತು ಬಿಟ್ಟ ತಮ್ಮನದ್ದಿರಬಹುದು. ಮನೆಯವರು ಬಾಗಿಲಲ್ಲೇ ತಡೆದು ‘ಕ್ಯಾನ್ಸರ್ ಅಂತ ಅವರಿಗೆ ಹೇಳ್ಬೇಡಿ’ ಎನ್ನುವುದೂ ಸಾಮಾನ್ಯ. ವಾದಕ್ಕಿಳಿಯಬೇಡಿ; ‘ನಾನಾಗಿ ಹೇಳೋದಿಲ್ಲ, ಅವರೇ ಕೇಳಿದ್ರೆ ಸುಳ್ಳು ಹೇಳೋದೂ ಇಲ್ಲ, ಡಾಕ್ಟರನ್ನೇ ಕೇಳಿ ಅಂತೀನಿ’ ಎಂದು ಮೊದಲೇ ತಿಳಿಸಿ ತಂಡಕ್ಕೆ ವರದಿ ಮಾಡಿ. ಒಂದಾರು ತಿಂಗಳು ಹೀಗೆ ಕಿವಿ ಕೊಟ್ಟವರಿಗೆ ತಮ್ಮ ಮನೆಯ ಊಟದ ಹೊತ್ತಿನಲ್ಲೂ ಬೇರೆಯವರ ಮಾತನ್ನು ನಡುವೆ ತುಂಡು ಮಾಡುವ ಚಾಳಿ ಕಡಿಮೆಯಾಗುತ್ತದೆ. ಹೆಂಡತಿ ಮಕ್ಕಳೇ ಮೊದಲು ಗಮನಿಸುತ್ತಾರೆ.

ಆರೋಗ್ಯಕ್ಕೆ ಒಳ್ಳೆಯದೇ ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕಾದದ್ದು. ಅಮೆರಿಕದಲ್ಲಿ 50 ದಾಟಿದ ಸುಮಾರು 13,000 ಜನರ ಮಾಹಿತಿ ಇಟ್ಟುಕೊಂಡು ಮಾಡಿದ, 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವರ್ಷಕ್ಕೆ 100 ಗಂಟೆ ಅಥವಾ ಹೆಚ್ಚು ಸ್ವಯಂಸೇವೆ ಮಾಡಿದವರಲ್ಲಿ ಮುಂದಿನ ನಾಲ್ಕು ವರ್ಷಗಳ ಸಾವು, ಓಡಾಟದ ತೊಂದರೆ, ಒಂಟಿತನ ಎಲ್ಲ ಕಡಿಮೆ ಕಂಡವು. ಸಕ್ಕರೆ ಕಾಯಿಲೆ, ಬಿಪಿ, ಹೃದ್ರೋಗ, ಕ್ಯಾನ್ಸರಿನಲ್ಲಿ ವ್ಯತ್ಯಾಸ ಕಾಣಲಿಲ್ಲ. 100 ಗಂಟೆ ಅಂದರೆ ವಾರಕ್ಕೆ ಎರಡು ಗಂಟೆ, ಕೇರಳದವರು ಕೇಳುವಷ್ಟೇ. ಆದರೆ ಗಟ್ಟಿಮುಟ್ಟಾಗಿರುವವರೇ ಸ್ವಯಂಸೇವೆಗೆ ಹೊರಡುತ್ತಾರೆ ಎಂಬುದನ್ನು ಇಂಥ ಅಧ್ಯಯನಗಳು ಪೂರ್ತಿ ಕಳೆಯಲಾರವು. ಇದನ್ನು ಬಿಪಿ ಮಾತ್ರೆಗೆ ಬದಲಿ ಎಂದುಕೊಳ್ಳಬೇಡಿ. 2012ರಲ್ಲಿ ಬಂದ ಮತ್ತೊಂದು ಅಮೆರಿಕನ್ ಅಧ್ಯಯನ ನಿಮ್ಮ ಪ್ರಶ್ನೆಗೆ ಚೇಷ್ಟೆಯ ಉತ್ತರ ಕೊಡುತ್ತದೆ: ಮುಖ್ಯವಾಗಿ ತಮಗೋಸ್ಕರ ಎಂದು ಸೇವೆಗೆ ಹೋದ ಹಿರಿಯರ ಸಾವಿನ ಪ್ರಮಾಣ, ಹೋಗದೇ ಇದ್ದವರಷ್ಟೇ ಇತ್ತು, ಬೇರೆಯವರಿಗೋಸ್ಕರ ಹೋದವರಲ್ಲಿ ಮಾತ್ರ ಕಡಿಮೆ ಕಂಡಿತು. ಲಾಭದ ಲೆಕ್ಕವನ್ನು ಸೇರುವ ಮುಂಚೆ ಹಾಕಿ ಮುಗಿಸಿ; ರೋಗಿಯ ಪಕ್ಕ ಕೂತು ಹಾಕಬೇಡಿ.

ಸಾವಿನ ಹೆದರಿಕೆ ಹೋಗುತ್ತದೆಯೇ? ಹೋಗುವುದಿಲ್ಲ, ಅದರ ಆಕಾರ ಬದಲಾಗುತ್ತದೆ. ಕೊನೆಯ ದಿನಗಳಲ್ಲಿ ಊಟ ಬಿಡುವುದು ದೇಹ ತಾನೇ ಮುಚ್ಚಿಕೊಳ್ಳುವ ರೀತಿ, ಹಸಿವಿನಿಂದ ಸಾಯುತ್ತಿಲ್ಲ. ಗಂಟಲಿನ ಗೊರಗೊರ ಸದ್ದು ಕೇಳುವವರಿಗೆ ಕಷ್ಟ, ಪ್ರಜ್ಞೆ ಇಳಿದ ರೋಗಿಗೆ ಅಷ್ಟಿಲ್ಲ, ಪಕ್ಕಕ್ಕೆ ಮಲಗಿಸಿದರೆ ತಗ್ಗುತ್ತದೆ. ಇಷ್ಟು ಗೊತ್ತಾದರೂ ಅರ್ಧ ಭಯ ಇಳಿಯುತ್ತದೆ. ತಮ್ಮ ಕೊನೆ ಹೇಗಿರಬೇಕೆಂಬ ಯೋಚನೆಯೂ ಬರುತ್ತದೆ. ವೆಂಟಿಲೇಟರ್ ಬೇಡ ಎಂದು ಮುಂಚಿತವಾಗಿ ಬರೆದಿಡುವುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿ, 2023ರಲ್ಲಿ ಸರಳ ಮಾಡಿದೆ: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಇದರ ಜಾರಿಗೆ ಆದೇಶ ಹೊರಡಿಸಿತು.

ಇನ್ನು ಕೆಡುವುದು ಹೇಗೆ ಎಂಬುದು. ಉತ್ಸಾಹದಲ್ಲಿ ವಾರಕ್ಕೆ ನಾಲ್ಕು ದಿನ ಹೋಗುವವರೇ ಬೇಗ ದಣಿಯುವುದು. ಮೊದಲ ಆರು ತಿಂಗಳು ವಾರಕ್ಕೊಂದು ದಿನ, ಅದೂ ಗೊತ್ತಾದ ದಿನ; ಬುಧವಾರ ಎಂದರೆ ಬುಧವಾರ. ಬರುತ್ತೇನೆಂದು ಬಾರದ ಸ್ವಯಂಸೇವಕರಿಂದ ಆಗುವ ನೋವು, ಹೊರಗೆ ಓಡಾಡುವವರಿಗೆ ಊಹಿಸಲಾಗದ್ದು. ಹಾಸಿಗೆ ಹಿಡಿದವರು ಬೆಳಗಿನಿಂದ ಬಾಗಿಲು ನೋಡುತ್ತಿರುತ್ತಾರೆ. ಜೇಬಿನಿಂದ ಹಣ ಕೊಡುವುದು ಇನ್ನೊಂದು ಬಲೆ. ಒಂದು ಸಲ 500 ಕೊಟ್ಟರೆ ಮುಂದಿನ ಸಲ ನೀವು ಹಾಗೇ ಬಂದಾಗ ಮನೆಯವರಿಗೂ ಮುಜುಗರ, ನಿಮಗೂ ಮುಜುಗರ. ಕೊಡಲೇಬೇಕೆನಿಸಿದರೆ ಸಂಸ್ಥೆಗೆ ಕೊಟ್ಟು ರಸೀದಿ ಪಡೆಯಿರಿ. ನಾಟಿ ಔಷಧಿ ಸೂಚಿಸುವುದು, ವ್ರತ ಹರಕೆ ಹೇಳುವುದು, ರೋಗಿಯ ಜೊತೆ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹಾಕುವುದು, ಮೂರೂ ಕೂಡದು. ಸ್ವಂತ ಮನೆಯಲ್ಲಿ ಕಳೆದೊಂದು ವರ್ಷದೊಳಗೆ ಸಾವಾಗಿದ್ದರೆ ಸದ್ಯಕ್ಕೆ ಕಚೇರಿ ಕೆಲಸ ಕೇಳಿ. ರೋಗಿಯ ಮಂಚದ ಪಕ್ಕ ಕೂತಾಗ ಕಾಣುವುದು ರೋಗಿಯ ಮುಖವಾಗಿರುವುದಿಲ್ಲ. ನಿದ್ದೆ ಕೆಟ್ಟರೆ, ಭೇಟಿಯ ಹಿಂದಿನ ರಾತ್ರಿ ಸಿಡಿಮಿಡಿ ಶುರುವಾದರೆ, ರೋಗಿ ತೀರಿಕೊಂಡ ಸುದ್ದಿಗೆ ಏನೂ ಅನ್ನಿಸದಿದ್ದರೆ, ಎರಡು ವಾರ ಬಿಡುವು ತೆಗೆದುಕೊಂಡು ತಂಡದ ಹಿರಿಯರೊಡನೆ ಮಾತಾಡಿ. ಪ್ರತಿ ಸಾವಿನ ನಂತರ ಕೂತು ಮಾತಾಡುವ ಪದ್ಧತಿ ಇದೆಯೇ ಎಂದು ಸೇರುವ ಮೊದಲೇ ಕೇಳಿ. ಅದಿದ್ದ ಕಡೆ ಹುಟ್ಟುವ ಸ್ನೇಹ ನಿವೃತ್ತರಿಗೆ ವಾಕಿಂಗ್ ಗುಂಪಿನಲ್ಲಿ ಸಿಗುವಂಥದ್ದಲ್ಲ.

ಮೈಯ ಸುರಕ್ಷೆಯೂ ಇದೆ. ಭಾರ ಎತ್ತುವಾಗ ಒಬ್ಬರೇ ಎತ್ತಬಾರದು: ರೋಗಿಯ ಕೆಳಗೆ ಅಡ್ಡ ಹಾಸಿದ ಬೆಡ್‌ಶೀಟನ್ನು ಎರಡು ಕಡೆಯಿಂದ ಇಬ್ಬರು ಹಿಡಿದು, ಬೆನ್ನಲ್ಲ ಮಂಡಿ ಬಗ್ಗಿಸಿ ಸರಿಸಬೇಕು. 61ರ ಬೆನ್ನು ಹಿಡಿದುಕೊಂಡರೆ ಎರಡು ತಿಂಗಳು ನೀವೇ ರೋಗಿ. ಕ್ಷಯ ಇರುವ ಮನೆಯಲ್ಲಿ ಕಿಟಕಿ ತೆಗೆಸಿ, ಎನ್95 ಮಾಸ್ಕ್ ಹಾಕಿ. ಸೂಜಿ, ರಕ್ತದ ಬಟ್ಟೆ ನರ್ಸಿನ ಪಾಲಿಗೆ ಬಿಡಿ. ನಿಮಗೇ ನೆಗಡಿ ಜ್ವರವಿದ್ದ ದಿನ ಫೋನ್ ಮಾಡಿ ತಿಳಿಸಿ, ಹೋಗಬೇಡಿ. ಮನೆಗೆ ಬಂದ ಮೇಲೆ ಸ್ನಾನ ಮಾಡಬೇಕೆಂದು ಮನೆಯಲ್ಲಿ ಹೇಳಿದರೆ ಮಾಡಿಬಿಡಿ. ಕ್ಯಾನ್ಸರ್ ಅಂಟುವುದಿಲ್ಲ ಎಂದು ಬಚ್ಚಲಿನ ಬಾಗಿಲಲ್ಲಿ ನಿಂತು ವಾದಿಸುವುದಕ್ಕಿಂತ, ಒಂದು ಬಕೆಟ್ ಬಿಸಿನೀರಿನಲ್ಲಿ ದಣಿವೂ ಇಳಿಯುತ್ತದೆ. ಮೈಲಿಗೆಯ ಮಾತು ನಾಲ್ಕಾರು ತಿಂಗಳಲ್ಲಿ ತಾನಾಗಿ ನಿಲ್ಲುವುದುಂಟು, ವಿಶೇಷವಾಗಿ ಸ್ವಂತ ನೆಂಟರಲ್ಲಿ ಯಾರಿಗಾದರೂ ಹಾಸಿಗೆ ಹುಣ್ಣಾಗಿ ನಿಮಗೇ ಫೋನ್ ಬಂದ ಮೇಲೆ.

ರಕ್ತದ ಮೂಲಕ ಹರಡುವ ಯಕೃತ್ತಿನ ಸೋಂಕು ಹೆಪಟೈಟಿಸ್ ಬಿಗೆ ಲಸಿಕೆ ಮೂರು ಡೋಸ್: ಈಗ ಒಂದು, ತಿಂಗಳ ನಂತರ ಒಂದು, ಆರನೇ ತಿಂಗಳಿಗೆ ಒಂದು. ತರಬೇತಿಗೆ ಹೆಸರು ಕೊಡುವ ವಾರವೇ ಮೊದಲನೆಯದನ್ನು ಹಾಕಿಸಿಕೊಳ್ಳಿ. ಸಂಸ್ಥೆಗೆ ‘ಮೂರು ತಿಂಗಳು ಬಂದು ನೋಡುತ್ತೇನೆ’ ಎಂದೇ ಹೇಳಿ ಸೇರಿ, ಅದಕ್ಕೆ ಯಾರೂ ಬೇಸರಪಡುವುದಿಲ್ಲ. ಆಮೇಲೆ ಆಗುವುದಿಲ್ಲ ಅನ್ನಿಸಿದರೆ ಬಿಡಬಹುದು, ಆದರೆ ನಿಮ್ಮನ್ನು ಕಾಯುವ ರೋಗಿಗೆ ಎರಡು ಭೇಟಿ ಮುಂಚೆಯೇ ತಿಳಿಸಿ, ಮುಂದೆ ಬರುವವರನ್ನು ಕೊನೆಯ ಭೇಟಿಗೆ ಜೊತೆಯಲ್ಲಿ ಕರೆದುಕೊಂಡು ಹೋಗಿ.